ಬಾವಿಗಿಳಿದರೆ ಅಕ್ಷರ ಬರುತ್ತದೆಯೇ?

ಬೇಸಿಗೆ ರಜೆ ಬಂದರೆ ನಮ್ಮ ತಿಪಟೂರಿನ ತಾಯಂದಿರಿಗೆ ಒಂದೇ ಚಿಂತೆ: ಮಗುವನ್ನು ಯಾವ ಟ್ಯೂಷನ್‌ಗೆ ಹಾಕುವುದು? ಈಜು ಕಲಿಸಿ ಎಂದರೆ, "ಮೊದಲು ಕನ್ನಡ ಓದೋಕೆ ಬರಲಿ ಮಿಸ್, ಬಾವಿಗಿಳಿದರೆ ಅಕ್ಷರ ಬರುತ್ತಾ?" ಎನ್ನುತ್ತಾರೆ. ಬರುತ್ತದೆ ಎಂದೇ ನನ್ನ ವಾದ.

ಪಾಠದಲ್ಲಿ 'ಆಳ', 'ತಳ', 'ದಡ' ಎಂಬ ಪದ ಬಂದರೆ ಪೇಟೆಯ ಮಕ್ಕಳು ಗೈಡು ನೋಡಿ ಅರ್ಥ ಉರು ಹೊಡೆಯುತ್ತಾರೆ. ತೋಟದ ಬಾವಿಯಲ್ಲಿ ಈಜುವ ಹುಡುಗನಿಗೆ ಮಂಡಿಯುದ್ದ, ಎದೆಮಟ್ಟ, ಆಳುದ್ದ ಬೇರೆಬೇರೆ ಎಂಬುದು ಮೈಗೇ ಗೊತ್ತು. ಸೋರೆಬುರುಡೆಯನ್ನೋ ಅಟ್ಟದ ಮೇಲೆ ಒಣಗಿದ ಎರಡು ಕಾಯನ್ನೋ ಕಟ್ಟಿ ಇಳಿಸುವ ಮಾವ, "ಕಾಲು ಬಡಿ, ಉಸಿರು ಬಿಗಿಹಿಡಿ, ಕತ್ತು ಎತ್ತು" ಎನ್ನುತ್ತಾನಲ್ಲ, ಅದನ್ನು ಹುಡುಗ ಕಿವಿಗೊಟ್ಟು ಕೇಳಲೇಬೇಕು. ಕೇಳದಿದ್ದರೆ ಮೂಗಿಗೆ ನೀರು! ಕರಿಹಲಗೆಯ ಮುಂದೆ ನಿಂತು ನಾನು ಇಂಥ ಪಾಠ ಮಾಡಲಾರೆ. ಮೇಲೆ ಹತ್ತಿದ ಮೇಲಂತೂ ಬಾಯಿ ಮುಚ್ಚುವುದಿಲ್ಲ; ಯಾರು ಮೊದಲು ಧುಮುಕಿದರು, ಯಾರು ನೀರು ಕುಡಿದರು. ಅದನ್ನೇ ಬರೆಯಲು ಹೇಳಿ ನೋಡಿ. 'ನನ್ನ ಮೆಚ್ಚಿನ ಹಬ್ಬ'ದ ಮೇಲೆ ಎರಡು ಸಾಲು ಬರೆಯದ ಹುಡುಗ ಪುಟ ತುಂಬಿಸುತ್ತಾನೆ.

ಹೊರದೇಶದವರೂ ಇದನ್ನೇ ಹೇಳಿದ್ದಾರೆ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ 2013ರ ವರದಿಗೆ ಐದು ವರ್ಷದೊಳಗಿನ ಸುಮಾರು 7,000 ಮಕ್ಕಳ ಬಗ್ಗೆ ಹೆತ್ತವರನ್ನು ವಿಚಾರಿಸಿದ್ದರು. ಈಜು ಕಲಿತವರು ಮಾತಿನಲ್ಲೂ ಅಕ್ಷರದಲ್ಲೂ ಮುಂದಿದ್ದರಂತೆ. ಆದರೆ ಅದಕ್ಕೆ ಈಜು ಕಲಿಸುವವರ ಹಣವೂ ಸೇರಿತ್ತು. ಹೆತ್ತವರಿಗೋ ತಮ್ಮ ಮಕ್ಕಳು ಯಾವಾಗಲೂ ಮುಂದೆಯೇ! ಅದನ್ನು ವೇದವಾಕ್ಯವೆಂದು ನಾನು ಒಪ್ಪಲಾರೆ. ನೀರಿಗಿಂತ ನೀರಿನಲ್ಲಿ ಆಡುವ ಮಾತು ಮುಖ್ಯ. "ಕಿಕ್, ಕಿಕ್" ಎಂದು ಸೀಟಿ ಊದುವ ಕೋಚ್‌ಗೆ ಸಾವಿರಾರು ರೂಪಾಯಿ ಸುರಿದರೆ ಮಗು ಈಜೀತು, ಮಾತು ಬೆಳೆಯದು.

ಇಷ್ಟು ಹೊತ್ತೂ ನಾನು 'ಹುಡುಗ' ಎಂದೇ ಬರೆದದ್ದನ್ನು ಗಮನಿಸಿದಿರಾ? ಹುಡುಗಿಯರನ್ನು ನಾವು ನೀರಿಗೆ ಬಿಟ್ಟರೆ ತಾನೆ! ಮೈ ಕಪ್ಪಾಗುತ್ತದೆ, ಕೂದಲು ಉದುರುತ್ತದೆ, ನೋಡಿದವರು ಏನೆಂದಾರು... ನೆಪಗಳಿಗೆ ಬರವಿಲ್ಲ. ಬಟ್ಟೆ ಒಗೆಯಲು ಕೆರೆಗೆ, ಹೇಮಾವತಿ ನಾಲೆಗೆ ಹೋಗಲು ಮಾತ್ರ ಅವರೇ ಬೇಕು. 2014ರ ಕೃಷಿಭಾಗ್ಯ ಯೋಜನೆಯಿಂದ ಬಯಲುಸೀಮೆಯ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳೂ ಆದವು. ಜಾರಿದರೆ ಹಿಡಿಯಲು ಅಲ್ಲಿ ಹುಲ್ಲುಕಡ್ಡಿಯೂ ಇಲ್ಲ. ಮಾತೂ ಬೇಡ, ಜೀವವೂ ಬೇಡ ಎಂದರೆ ಹೇಗೆ ತಾಯಂದಿರೇ?

ಕೊಳವೆಬಾವಿ ಬಂದು ಎಷ್ಟೋ ತೆರೆದ ಬಾವಿಗಳು ಬತ್ತಿವೆ, ನಿಜ. ತವರಿನ ತೋಟದಲ್ಲಿ ಇನ್ನೂ ನೀರಿದ್ದು, ಮೆಟ್ಟಿಲು ಗಟ್ಟಿಯಿದ್ದು, ಈಜು ಬಲ್ಲ ದೊಡ್ಡವರೊಬ್ಬರು ಜೊತೆಗೆ ನೀರಿನಲ್ಲೇ ಇದ್ದರೆ, ಈ ರಜೆಯಲ್ಲಿ ಮಗಳಿಗೆ ಹಗ್ಗ ಕಟ್ಟಿ ಇಳಿಸಿ. ನೀವು ಮೆಟ್ಟಿಲ ಮೇಲೆ ಕೂತು ಮಾತಾಡಿಸಿ, ಸಂಜೆ ಬರೆಸಿ. ಶಾಲೆ ಶುರುವಾದ ಮೇಲೆ ಕಾಗುಣಿತ ತಿದ್ದುವ ಕೆಲಸ ನನಗಿರಲಿ.