ಗಾಜಿನ ಸೀಸೆಯೊಳಗಿನ ಸೂರ್ಯನ ಕುದುರೆ

ಮಳೆ ಹಿಡಿದು ಜಾಲಿ ಚಿಗುರಿತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಬೇಲಿಗಳಲ್ಲಿ ಜೀರ್ಜಿಂಬೆ ಕಾಣಿಸಿಕೊಳ್ಳುತ್ತದೆ. ಲೋಹದಂತೆ ಮಿರುಗುವ ಆ ಹುಳುವನ್ನು ಹಿಡಿದು ಬೆಂಕಿಪೊಟ್ಟಣದಲ್ಲಿಟ್ಟು, ಜಾಲಿಸೊಪ್ಪು ಹಾಕಿ, ಅಕ್ಕಿಕಾಳಿನಂಥ ಮೊಟ್ಟೆಗಾಗಿ ಕಾಯುವುದು ಬಯಲುಸೀಮೆಯ ಮಕ್ಕಳ ಹಳೆಯ ಆಟ. ಕೊರಳಿಗೆ ದಾರ ಕಟ್ಟಿ ಹಾರಿಸುವುದೂ ಉಂಟು. ಈಗ ಬೆಂಕಿಪೊಟ್ಟಣದ ಜಾಗಕ್ಕೆ ಗಾಜಿನ ಸೀಸೆ ಬಂದಿದೆ. ಮುಂಗಾಲು ಜೋಡಿಸಿ ಕೈಮುಗಿದಂತೆ ನಿಲ್ಲುವ ಸೂರ್ಯನ ಕುದುರೆ, ಒಣಕಡ್ಡಿಯಂತೆಯೇ ತೋರುವ ಕಡ್ಡಿಹುಳು ಮೊದಲಾದವನ್ನು ಸಾಕುವುದು ಯುರೋಪು, ಅಮೆರಿಕಗಳಲ್ಲಿ ದೊಡ್ಡ ಹವ್ಯಾಸ. ದಕ್ಷಿಣ ಭಾರತದ ಕುರುಚಲು ಕಾಡಿನಲ್ಲಿ ವಾಸಿಸುವ, ಪಿಟೀಲಿನ ಆಕಾರದ ಸೂರ್ಯನ ಕುದುರೆಗೂ ಅಲ್ಲಿ ಬೆಲೆಯಿದೆ. ಆ ದೃಶ್ಯಗಳು ಮೊಬೈಲಿನ ಮೂಲಕ ಇಲ್ಲಿಯ ಮಕ್ಕಳ ಕೈಗೂ ತಲುಪುತ್ತವೆ.

ಸೀಸೆ ಹಿಡಿದು ಬಂದ ಮಗುವನ್ನು ಮನೆಯ ಹಿರಿಯರು ಗದರಿದರೆ ಅದು ಕೇಳುವ ಪ್ರಶ್ನೆ ನೇರವಾದುದು: ಕೊಂದಿಲ್ಲ, ಹೊಡೆದಿಲ್ಲ, ಪ್ರೀತಿಯಿಂದ ಸಾಕುತ್ತಿರುವಾಗ ತಪ್ಪೇನು?

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಮೊದಲು ಎಣಿಸಿರುವುದು ಬಂಧವನ್ನು. ಹೊಡೆತ, ಅಂಗಚ್ಛೇದ, ಮಿತಿಮೀರಿದ ಭಾರ, ಅನ್ನಪಾನಗಳ ತಡೆ ಎಲ್ಲವೂ ಅದರ ಅನಂತರದವು. ಇಚ್ಛೆಯಂತೆ ಸಂಚರಿಸುವ ಜೀವಿಯನ್ನು ಕಟ್ಟಿಹಾಕುವುದೇ ವ್ರತಕ್ಕೆ ತಗಲುವ ಮೊದಲ ಕಳಂಕ. ಕಟ್ಟಿದವನ ಮನಸ್ಸಿನಲ್ಲಿ ಪ್ರೀತಿಯಿದ್ದ ಮಾತ್ರಕ್ಕೆ ದಾರ ಸಡಿಲವಾಗದು. ಸೂರ್ಯನ ಕುದುರೆಯ ಬದುಕನ್ನು ಬಲ್ಲವರಿಗೆ ಆ ಪಟ್ಟಿಯ ಉಳಿದ ಅತಿಚಾರಗಳು ಎಷ್ಟು ಸಮೀಪದಲ್ಲಿವೆಯೆಂಬುದೂ ಹೊಳೆಯುತ್ತದೆ. ಈ ಕೀಟ ಬೆಳೆಯುತ್ತ ಹಲವು ಬಾರಿ ಪೊರೆ ಕಳಚುತ್ತದೆ. ಆಗ ತಲೆಕೆಳಗಾಗಿ ನೇತಾಡಿ ಹಳೆಯ ಕವಚದಿಂದ ಜಾರಿ ಹೊರಬರಬೇಕು. ಸೀಸೆ ಇಕ್ಕಟ್ಟಾದರೆ ಕಾಲು ಸಿಕ್ಕಿ ಸೊಟ್ಟಗಾಗುತ್ತದೆ, ಇಲ್ಲವೇ ಜೀವವೇ ಹೋಗುತ್ತದೆ. ಪರೀಕ್ಷೆಯ ದಿನಗಳಲ್ಲಿ ಹುಡುಗ ಮರೆತನೆಂದರೆ ಆಹಾರವೂ ಇಲ್ಲ, ನೀರ ಹನಿಯೂ ಇಲ್ಲ.

ಆಹಾರದ ಮಾತು ಇನ್ನೂ ತೊಡಕಿನದು. ಸೂರ್ಯನ ಕುದುರೆ ಸೊಪ್ಪು ತಿನ್ನುವುದಿಲ್ಲ. ಅದಕ್ಕೆ ಚಲಿಸುವ ಜೀವಂತ ಬೇಟೆಯೇ ಬೇಕು. ಶೇಂಗಾ ಹೊಲದಲ್ಲಿ ಅದು ಪತಂಗವನ್ನೋ ಮಿಡತೆಯನ್ನೋ ಹಿಡಿದರೆ ಅದು ಆ ಜೀವಿಯ ಕರ್ಮೋದಯದ ವಿಷಯ. ಸೀಸೆಯ ಮುಚ್ಚಳ ತೆರೆದು ನೊಣವನ್ನು ಒಳಗೆ ಬಿಡುವ ಕೈ ಮಾತ್ರ ಮನುಷ್ಯನದು. ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು - ಕೃತ, ಕಾರಿತ, ಅನುಮೋದಿತ ಮೂರೂ ಆ ಒಂದು ಗಳಿಗೆಯಲ್ಲಿ ಕೂಡಿಬರುತ್ತವೆ, ಏಕೆಂದರೆ ಬೇಟೆಯನ್ನು ನೋಡುವುದೇ ಈ ಹವ್ಯಾಸದ ಮುಖ್ಯ ಆಕರ್ಷಣೆ. ಬೆಕ್ಕು ಮೊದಲಾದ ಹಿಂಸ್ರಜೀವಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆ ಅನರ್ಥದಂಡದಲ್ಲಿ ಸೇರಿಸಿದೆ. ನೇಗಿಲ ಅಡಿಯಲ್ಲಿ ಸಾಯುವ ಹುಳುಗಳಿಗೆ ರೈತನ ಹಸಿವಾದರೂ ಒಂದು ಕಾರಣ. ಸೀಸೆಯ ನೊಣಕ್ಕೆ ಅಂಥ ಕಾರಣವೂ ಇಲ್ಲ. ಅನರ್ಥವೆಂಬ ಪದದ ಅರ್ಥವೇ ಅದು.

ದುಂಬಿಯಂಥ ಹಾರುವ ಕೀಟಗಳನ್ನು ಆಗಮವು ಸ್ಪರ್ಶ, ರಸ, ಗಂಧ, ದೃಷ್ಟಿಗಳುಳ್ಳ ಚತುರಿಂದ್ರಿಯ ಜೀವಿಗಳಲ್ಲಿ ಇರಿಸಿದೆ. ಹಲವು ಜಾತಿಯ ಸೂರ್ಯನ ಕುದುರೆಗಳಿಗೆ ಎದೆಯ ಅಡಿಯಲ್ಲಿ ಒಂದೇ ಒಂದು ಕಿವಿಯಿದೆ, ಬಾವಲಿಯ ಸೂಕ್ಷ್ಮಧ್ವನಿಯನ್ನು ಅದು ಗ್ರಹಿಸುತ್ತದೆ ಎಂದು 1986ರಲ್ಲಿ ವಿಜ್ಞಾನಿಗಳು ತೋರಿಸಿದರು. ಎಣಿಕೆಯ ವಾದ ಪಂಡಿತರಿಗಿರಲಿ. ವೇದನೆಯ ದ್ವಾರ ಇನ್ನೊಂದು ಹೆಚ್ಚಿತೆಂದಾದರೆ ಬಂಧಿಸುವವನ ಹೊಣೆ ಹಗುರವಾಗದು.

ಜೈನರೂ ಕೀಟಗಳನ್ನು ಸಾಕಿದ್ದುಂಟಲ್ಲವೇ ಎಂದು ಕೇಳುವವರಿದ್ದಾರೆ. ಉಂಟು. ಗುಜರಾತಿನ ಕೆಲವು ಪಾಂಜರಾಪೋಳಗಳಲ್ಲಿ ಜೀವಾತಖಾನೆಯೆಂಬ ಕೋಣೆಗಳಿದ್ದವು. ಮನೆ, ಅಂಗಡಿಗಳ ಧಾನ್ಯದಲ್ಲಿ ಸಿಕ್ಕ ಹುಳುಗಳನ್ನು ಗುಡಿಸಿ ತಂದು, ಕಾಳಿನೊಂದಿಗೆ ಅಲ್ಲಿ ಬಿಡಲಾಗುತ್ತಿತ್ತು. ಅವುಗಳ ಅಂದವನ್ನು ನೋಡಲು ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಕಾಲ್ತುಳಿತಕ್ಕೆ ಸಿಗಬಾರದೆಂಬುದಷ್ಟೇ ಉದ್ದೇಶ. ಅಭಯದಾನಕ್ಕೂ ವಿನೋದಕ್ಕೂ ಇರುವ ದೂರ ಅಷ್ಟು.

ಆದರೆ ಮಗುವನ್ನು ಗದರುವ ಮೊದಲು ಹಿರಿಯರು ತಮ್ಮ ಉಡುಪನ್ನೊಮ್ಮೆ ನೋಡಿಕೊಳ್ಳುವುದು ಲೇಸು. ಇದೇ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಕುಟುಂಬಗಳಿವೆ. ಗೂಡಿನೊಳಗಿನ ಕೋಶಾವಸ್ಥೆಯ ಜೀವವನ್ನು ಬಿಸಿಗೆ ಒಡ್ಡಿದ ಮೇಲೆಯೇ ನೂಲು ಬರುವುದು. ಅದು ಸಾಕುವವರ ಅನ್ನದ ಪ್ರಶ್ನೆ. ಆ ಚರ್ಚೆ ಬೇರೆ. ರೇಷ್ಮೆ ಮಡಿಯುಟ್ಟು ಜಿನಬಿಂಬದ ಮುಂದೆ ನಿಂತವರಿಗೆ ಆ ಅನಿವಾರ್ಯತೆಯೂ ಇಲ್ಲ. ಪೂಜೆಗೆ ಹತ್ತಿಯ ಬಟ್ಟೆಯನ್ನೇ ಉಡುವ ಶ್ರಾವಕರು ಇರುವುದು ಸಮಾಧಾನದ ಸಂಗತಿ. ಅವರ ಮಾತನ್ನು ಮಗು ಕೇಳೀತು.

ಮಗುವಿನ ಕುತೂಹಲವನ್ನು ತುಳಿಯಬೇಕಾಗಿಲ್ಲ. ಮುನಿಗಳ ಕೈಯಲ್ಲಿ ನವಿಲುಗರಿಯ ಪಿಂಛಿ ಇರುವುದು, ಕುಳಿತುಕೊಳ್ಳುವ ಮುನ್ನ ನೆಲದ ಕಿರುಜೀವಿಗಳನ್ನು ಕಂಡು ಮೃದುವಾಗಿ ಸರಿಸಲೆಂದು. ಅಷ್ಟು ಸೂಕ್ಷ್ಮವಾಗಿ ನೋಡಲು ಕಲಿಯದವನಿಗೆ ಪಿಂಛಿಯಿಂದ ಪ್ರಯೋಜನವಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿಗೆ ಹೋದ ಮಕ್ಕಳು ಜಿಂಕೆಗಳ ಜೊತೆಗೆ ಹುಲ್ಲಿನೆಸಳಿನ ಮೇಲೂ ಕಣ್ಣಿಡಲಿ. ಮನೆಯ ಬೇಲಿಯ ಕಡ್ಡಿಯಲ್ಲಿ ಒಣಗಿದ ನೊರೆಯಂಥ ಗಂಟು ಕಂಡರೆ ಅದು ಸೂರ್ಯನ ಕುದುರೆಯ ಮೊಟ್ಟೆಗೂಡು ಇರಬಹುದು. ಕಡ್ಡಿಯನ್ನು ಮುರಿಯದೆ ದಿನವೂ ಹೋಗಿ ನೋಡಿದರೆ, ಒಂದು ಬೆಳಿಗ್ಗೆ ಅದರಿಂದ ಹತ್ತಾರು ಮರಿಗಳು ನೂಲೆಳೆಗಳಂತೆ ಇಳಿದು ಎಲೆಗಳ ನಡುವೆ ಚದುರುವುದು ಕಾಣಬಹುದು. ಈಗಾಗಲೇ ಸೀಸೆಯಲ್ಲಿರುವುದನ್ನು ಹಿಡಿದ ಗಿಡಕ್ಕೇ ಒಯ್ದು, ಸಂಜೆಯ ತಂಪಿನಲ್ಲಿ ಮುಚ್ಚಳ ತೆರೆದಿಡಲಿ. ಕೈಯಿಂದ ಎತ್ತದೆ, ತಾನಾಗಿ ಹೊರಬರಲು ಬಿಡಲಿ.