ಗುಂಡು ಹಾರಿದ ಮೇಲೆ

2025ರ ಏಪ್ರಿಲ್. ಹುಬ್ಬಳ್ಳಿಯಲ್ಲಿ ಐದು ವರ್ಷದ ಕೂಸನ್ನು ಕೊಂದ ಆರೋಪಿ ಪೊಲೀಸರ ಗುಂಡಿಗೆ ಸತ್ತ ಸುದ್ದಿ ಬಂದಾಗ ನಾನು ಸಿಂದಗಿಯ ಒಂದು ಚಹಾದಂಗಡಿಯಲ್ಲಿದ್ದೆ. "ಛಲೋ ಆತ್ ಬಿಡ್ರಿ. ಕೋರ್ಟು ಕಚೇರಿ ಅಂತ ಹತ್ತು ವರ್ಷ ಯಾರು ಅಡ್ಡಾಡ್ತಾರ?" ಅಂದರು ಹಿರಿಯರೊಬ್ಬರು. ಎಲ್ಲರೂ ತಲೆಯಾಡಿಸಿದರು. ನಾನು ಸುಮ್ಮನಿದ್ದೆ. ಅವತ್ತು ಆಡದ ಮಾತನ್ನು ಇಲ್ಲಿ ಆಡುತ್ತೇನೆ.

ಪೊಲೀಸರು ಗುಂಡು ಹಾರಿಸಲೇಬಾರದು ಎಂದು ನಾನು ಹೇಳುವುದಿಲ್ಲ. ಮಚ್ಚು ಹಿಡಿದವನು ಮೈಮೇಲೆ ಬಂದಾಗ ಪಿಎಸ್‌ಐ ಕಾನೂನು ಪುಸ್ತಕ ತೆರೆದು ಕೂಡಲಾರ. ಜೀವ ಹೋಗುವ ಹೊತ್ತಿನಲ್ಲಿ, ಬೇರೆ ದಾರಿಯೇ ಇಲ್ಲದಿದ್ದರೆ, ತಿರುಗಿ ಹೊಡೆದು ಕೊಲ್ಲುವ ಹಕ್ಕು ನಿಮಗೂ ಇದೆ, ನನಗೂ ಇದೆ, ಅವನಿಗೂ ಇದೆ. ಆದರೆ ಆ ಹಕ್ಕು ಹುಟ್ಟುವುದು ಆ ಕ್ಷಣದ ಅಪಾಯದಿಂದ. ಎದುರಿಗಿರುವವನು ಹಿಂದೆ ಮಾಡಿದ ಪಾಪದಿಂದಲ್ಲ. ಪಾಪದ ಲೆಕ್ಕ ನೋಡುವ ಕೆಲಸ ನ್ಯಾಯಾಧೀಶರದು.

ಇದನ್ನು ನಮಗೆ ಪರಊರಿನವರು ಕಲಿಸಬೇಕಿಲ್ಲ. 2017ರ ಅಕ್ಟೋಬರ್ 30ರಂದು ನಮ್ಮದೇ ಜಿಲ್ಲೆಯ ಕೊಂಕಣಗಾಂವದಲ್ಲಿ ಧರ್ಮರಾಜ ಚಡಚಣ ಪೊಲೀಸರ ಗುಂಡಿಗೆ ಸತ್ತ. 'ಭೀಮಾತೀರದ ಹಂತಕ' ಎಂಬ ಹಣೆಪಟ್ಟಿ ಮೊದಲೇ ಅಂಟಿತ್ತು. ಇಂಡಿಯಿಂದ ಮುದ್ದೇಬಿಹಾಳದವರೆಗೆ ಬಹಳ ಮಂದಿಗೆ ಅಷ್ಟೇ ಸಾಕಾಯಿತು. ಮರುವರ್ಷ ಸಿಐಡಿ ಬಂಧಿಸಿದ್ದು ಆ ಎನ್‌ಕೌಂಟರ್ ನಡೆಸಿದ ಪಿಎಸ್‌ಐಯನ್ನೇ. ಅದೇ ದಿನ ಕಾಣೆಯಾದ ಧರ್ಮರಾಜನ ಸೋದರನನ್ನು ಪೊಲೀಸರೇ ವೈರಿಗಳ ಕೈಗೆ ಒಪ್ಪಿಸಿದರು, ಅವರು ಅವನನ್ನು ಕೊಂದರು ಎಂಬುದು ಆರೋಪ. ನಿಜವೋ ಸುಳ್ಳೋ ನ್ಯಾಯಾಲಯ ಹೇಳಬೇಕು. ಆದರೆ ಚಪ್ಪಾಳೆಗೇ ಕತೆ ಮುಗಿದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಅದಕ್ಕೇ ಸುಪ್ರೀಂ ಕೋರ್ಟ್ 2014ರಲ್ಲಿ 16 ಸೂಚನೆ ಕೊಟ್ಟಿತು: ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಘಟನೆಯ ಬೆನ್ನಿಗೇ ಬಡ್ತಿ, ಪದಕ ಕೂಡದು. ಪ್ರಾಮಾಣಿಕ ಪೊಲೀಸನ ಹೆಸರನ್ನು ಕಾಯುವುದೂ ಇದೇ ತನಿಖೆ. ನಾವೋ ಹೂವು ಎರಚುತ್ತೇವೆ. 2019ರಲ್ಲಿ ಹೈದರಾಬಾದಿನಲ್ಲೂ ಎರಚಿದರು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದು ವಿಚಾರಣಾ ಆಯೋಗ 2022ರಲ್ಲಿ ಹೇಳಿತು.

ಕಾಕಾ, ಕೋರ್ಟು ತಡ ಮಾಡುತ್ತದೆ, ಸಾಕ್ಷಿ ಹೇಳಲು ಜನ ಹೆದರುತ್ತಾರೆ, ಒಪ್ಪಿದೆ. ಹಾಗಿದ್ದರೆ ಹೆಚ್ಚು ನ್ಯಾಯಾಧೀಶರನ್ನು ಕೊಡಿ, ಸಾಕ್ಷಿಗೆ ರಕ್ಷಣೆ ಕೊಡಿ ಎಂದು ಸರ್ಕಾರದ ಜೊತೆ ಜಗಳ ಮಾಡೋಣ. ಯಾಕೆ ಹೊಡೆದೆ ಎಂದು ಕೇಳುವವರಿಲ್ಲದ ಬಂದೂಕು ಬಾಡಿಗೆಗೂ ಸಿಗುತ್ತದೆ. ಬಾಡಿಗೆ ಕೊಡುವ ತಾಕತ್ತು ನಿಮಗೂ ಇಲ್ಲ, ನನಗೂ ಇಲ್ಲ.