ಬಾವುಟ ಬೇಡ, ವಿಳಾಸ ಕೊಡಿ

ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಗುಂಯ್ ಎನ್ನುವ ಅಂಗೈಯಗಲದ ಫ್ಯಾನು ಯಾವ ದೇಶದಲ್ಲಿ ತಯಾರಾದರೆ ನಮಗೇನು? ಈ ಮಾತು ಎದ್ದಾಗಲೆಲ್ಲ ನಮ್ಮೂರ ಗಂಡಸರು ಎರಡು ಪಕ್ಷವಾಗುತ್ತಾರೆ. ಒಂದು ಪಕ್ಷದವರಿಗೆ ಗಾಳಿ ಬಂದರೆ ಸಾಕು, ಅಗ್ಗವಾದರೆ ಇನ್ನೂ ಒಳ್ಳೆಯದು, ಊರು ಕೇರಿ ಕೇಳಲು ಇದೇನು ಹೆಣ್ಣು ನೋಡುವ ಶಾಸ್ತ್ರವೇ ಎನ್ನುತ್ತಾರೆ. ಇನ್ನೊಂದು ಪಕ್ಷದವರು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ಓದಿ, ‘ಚೀನಾ’ ಎಂಬ ಹೆಸರು ಕಂಡರೆ ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ಬಸ್‌ಸ್ಟ್ಯಾಂಡಿನ ಎದುರು ಡಿ.ಟಿ.ಪಿ. ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನಾನು ಈ ಎರಡೂ ಪಕ್ಷಗಳ ಭಾಷಣವನ್ನು ಕೌಂಟರಿನ ಈಚೆಯಿಂದ ಸಾಕಷ್ಟು ಕೇಳಿದ್ದೇನೆ. ಎರಡೂ ಪಕ್ಷದವರು ಹೇಳುವುದು ತಪ್ಪು ಎಂದು ಸಾಧಿಸುವುದೇ ಈ ಬರಹದ ಉದ್ದೇಶ.

ಮೊದಲು ಈ ಫ್ಯಾನು ಏನೆಂದು ನೋಡೋಣ. ಕಂಪ್ಯೂಟರಿನ ಮುಖ್ಯ ಚಿಪ್ಪು ಕೆಲಸ ಮಾಡುವಾಗ ಒಲೆಯ ಮೇಲಿನ ಹೆಂಚಿನಂತೆ ಕಾಯುತ್ತದೆ. ಆ ಶಾಖವನ್ನು ಹೊರಗೆ ತಳ್ಳಲು ಫ್ಯಾನು ಬೇಕು. ಅದು ನಿಂತರೆ ಯಂತ್ರ ಮೊದಲು ನಿಧಾನವಾಗುತ್ತದೆ, ಆಮೇಲೆ ತಾನಾಗಿಯೇ ಆರಿಹೋಗುತ್ತದೆ. ಒಳಗಿರುವುದು ಪ್ಲಾಸ್ಟಿಕ್ಕಿನ ರೆಕ್ಕೆಗಳು, ಒಂದು ಉಂಗುರದ ಅಯಸ್ಕಾಂತ, ತಾಮ್ರದ ತಂತಿಯ ಸಣ್ಣ ಸುರುಳಿಗಳು, ಒಂದು ಬೇರಿಂಗು, ಚಿಟಿಕೆಯಷ್ಟು ವಿದ್ಯುತ್ ಮಂಡಲ. ಸಾಮಾನ್ಯವಾಗಿ 12 ವೋಲ್ಟಿನಲ್ಲಿ ಓಡುತ್ತದೆ. ನಮ್ಮ ಮನೆಯ ಸೀಲಿಂಗ್ ಫ್ಯಾನಿನ ಮೊಮ್ಮಗಳು ಎನ್ನಿ. ಆದರೆ ಈ ಮೊಮ್ಮಗಳು ನಿಂತರೆ ಮದುವೆಯ ಕರೆಯೋಲೆಯೂ ಇಲ್ಲ, ಪಹಣಿಯ ಪ್ರತಿಯೂ ಇಲ್ಲ, ಮಕ್ಕಳ ಹಾಲ್ ಟಿಕೆಟ್ಟೂ ಇಲ್ಲ.

ಇನ್ನು ಇದರ ತವರು ಯಾವುದು? ಈ ವ್ಯಾಪಾರದ ದೊಡ್ಡ ಹೆಸರುಗಳು ಹೆಚ್ಚಾಗಿ ತೈವಾನ್ ಮತ್ತು ಜಪಾನಿನವು. ತೈವಾನಿನ ಡೆಲ್ಟಾ 1971ರಲ್ಲಿ ಹುಟ್ಟಿತು, ಸುನಾನ್ 1980ರಲ್ಲಿ. ಜಪಾನಿನ ನಿಡೆಕ್ 1973ರದು. ಹೆಸರು ಅಲ್ಲಿಯದಾದರೂ ತಯಾರಿಕೆ ಅಲ್ಲಿಯೇ ನಿಂತಿಲ್ಲ. ಸುನಾನ್ ಕಂಪನಿಗೆ ಚೀನಾದ ಕುನ್‌ಶಾನಿನಲ್ಲಿ ಕಾರ್ಖಾನೆಯಿದೆ. ಜಪಾನಿನ ಸಾನ್ಯೊ ಡೆಂಕಿ ಫಿಲಿಪೀನ್ಸಿನ ಸುಬಿಕ್‌ನಲ್ಲಿ ಫ್ಯಾನು ಮಾಡುತ್ತದೆ. 1992ರವರೆಗೆ ಅಮೆರಿಕದ ನೌಕಾನೆಲೆಯಿದ್ದ ಜಾಗ ಅದು. ಆಸ್ಟ್ರಿಯಾದ ನಾಕ್ಟುವಾ ಎಂಬ ದುಬಾರಿ ಫ್ಯಾನಿನ ವಿನ್ಯಾಸ ಯುರೋಪಿನದು, ತಯಾರಿಕೆ ಮಾತ್ರ ತೈವಾನ್ ಮತ್ತು ಚೀನಾದ್ದು. ಹೀಗಿರುವಾಗ ಫ್ಯಾನಿಗೆ ಒಂದು ದೇಶ ಹಚ್ಚುವುದೆಂದರೆ ಹುಳಿಗೆ ಒಂದು ಊರು ಹಚ್ಚಿದಂತೆ. ಬೇಳೆ ಕಲಬುರಗಿಯದು, ಮೆಣಸಿನಕಾಯಿ ಬ್ಯಾಡಗಿಯದು, ಹುಣಸೆಹಣ್ಣು ತುಮಕೂರಿನದು, ಕುದಿಸಿದವಳು ನಾನು.

ಚೀನಾದ್ದೆಂದರೆ ಕಳಪೆ ಎನ್ನುವವರಿಗೆ ಒಂದು ಮಾತು. ಅಗ್ಗದ ಫ್ಯಾನಿನಲ್ಲಿ ಅಚ್ಚು ಎಣ್ಣೆಯಲ್ಲಿ ತೊಯ್ದ ಸಣ್ಣ ಬುಶ್ಶಿನೊಳಗೆ ತಿರುಗುತ್ತದೆ. ಆ ಎಣ್ಣೆ ಆರಿತೆಂದರೆ ಕಿರಕಿರ ಶುರು. ಬೆಲೆ ಹೆಚ್ಚಿನದರಲ್ಲಿ ಗುಂಡಿನ ಬೇರಿಂಗೋ, ಎಣ್ಣೆ ಸೋರದಂತೆ ಬಿಗಿಮಾಡಿದ ಬೇರಿಂಗೋ ಇರುತ್ತದೆ, ಅದು ಬಹುಕಾಲ ಬಾಳುತ್ತದೆ. ಈ ಎರಡು ಬಗೆಯೂ ಒಂದೇ ದೇಶದಲ್ಲಿ ತಯಾರಾಗುತ್ತವೆ. ಒಂದೇ ನ್ಯಾಯಬೆಲೆ ಅಂಗಡಿಯ ಅಕ್ಕಿ ಒಂದು ಮನೆಯಲ್ಲಿ ಮಲ್ಲಿಗೆ ಹೂವಾಗುತ್ತದೆ, ಇನ್ನೊಂದು ಮನೆಯಲ್ಲಿ ಅಂಟಾಗುತ್ತದೆ. ಅದಕ್ಕೆ ಅಂಗಡಿಯನ್ನು ಬೈಯುವುದು ನ್ಯಾಯವಲ್ಲ. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಮಡಿದಾಗ ನಮಗೆಲ್ಲ ಹೊಟ್ಟೆಯುರಿದದ್ದು ನಿಜ. ಆ ಸಿಟ್ಟನ್ನು ಫ್ಯಾನಿನ ಮೇಲೆ ತೀರಿಸಿಕೊಂಡರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಹಾಗಾದರೆ ಮೊದಲ ಪಕ್ಷದವರೇ ಸರಿಯೇ, ಎಲ್ಲಿ ತಯಾರಾದರೂ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಎಲ್ಲಿ ಎಂಬುದು ಬಹಳ ಮುಖ್ಯ. ಆದರೆ ‘ಎಲ್ಲಿ’ ಎಂದರೆ ಭೂಪಟದ ಮೇಲಿನ ಬಣ್ಣ ಎಂದು ತಿಳಿದಿದ್ದೇವಲ್ಲ, ಅಲ್ಲಿಯೇ ಎಡವಟ್ಟು. ಎಲ್ಲಿ ಎಂದರೆ ಯಾವ ಕಟ್ಟಡದಲ್ಲಿ, ಯಾರ ಕೈಯಲ್ಲಿ, ಎಷ್ಟು ಹೊತ್ತಿನ ದುಡಿಮೆಯಲ್ಲಿ, ಯಾವ ನೀರು ಕುಡಿದುಕೊಂಡು ಎಂದು. ತಂತಿ ಸುತ್ತುವುದನ್ನು ಇಂದು ಬಹುಮಟ್ಟಿಗೆ ಯಂತ್ರವೇ ಮಾಡುತ್ತದೆ. ಜೋಡಣೆ, ಬೆಸುಗೆ, ಪರೀಕ್ಷೆಗಳಿಗೆ ಇನ್ನೂ ಕೈಗಳು ಬೇಕು. ಎಲೆಕ್ಟ್ರಾನಿಕ್ ಜೋಡಣೆಯ ಉದ್ಯಮ ಎಲ್ಲಿ ಹೋದರೂ ಮೊದಲು ಹುಡುಕಿದ್ದು ಎಳೆಯ ಹೆಣ್ಣುಮಕ್ಕಳ ಕೈಗಳನ್ನೇ.

ಸುನಾನ್ ಕಂಪನಿಯ ಊರು ತೈವಾನಿನ ಕಾವೊಶುಂಗ್ ಬಂದರು. ರಫ್ತಿಗಾಗಿಯೇ ಬೇಲಿ ಹಾಕಿದ ಕೈಗಾರಿಕಾ ವಲಯವನ್ನು ಏಷ್ಯಾದಲ್ಲಿ ಮೊದಲು ತೆರೆದವರು ನಾವೇ, 1965ರಲ್ಲಿ, ಗುಜರಾತಿನ ಕಾಂಡ್ಲಾದಲ್ಲಿ. ಮರುವರ್ಷ ಕಾವೊಶುಂಗ್‌ನಲ್ಲಿ ಅಂಥದೇ ವಲಯ ಶುರುವಾಯಿತು. ಅಲ್ಲಿ ದುಡಿದವರಲ್ಲಿ ಹೆಚ್ಚಿನವರು ಹಳ್ಳಿಯ ಹುಡುಗಿಯರು. 1973ರ ಸೆಪ್ಟೆಂಬರ್ 3ರ ಬೆಳಿಗ್ಗೆ, ಎದುರಿನ ಚೀಜಿನ್ ದ್ವೀಪದಿಂದ ಕೆಲಸಕ್ಕೆ ಹೊರಟವರನ್ನು ಮಿತಿಮೀರಿ ತುಂಬಿಕೊಂಡಿದ್ದ ದೋಣಿಯೊಂದು ಮಗುಚಿತು. 25 ಮಂದಿ ಸತ್ತರು. 25 ಮಂದಿಯೂ ಹೆಣ್ಣುಮಕ್ಕಳು, 25 ಮಂದಿಯೂ ಮದುವೆಯಾಗದವರು, ಕೆಲವರಿನ್ನೂ ಹದಿಹರೆಯದವರು. ಮದುವೆಯಾಗದೆ ಸತ್ತ ಹೆಣ್ಣಿಗೆ ತವರಿನ ಪಿತೃಗಳ ಸಾಲಿನಲ್ಲಿ ಜಾಗ ಕೊಡದ ಸಂಪ್ರದಾಯ ಅವರದು. ಹಾಗಾಗಿ ಎಲ್ಲರನ್ನೂ ಒಂದೆಡೆ ಮಣ್ಣುಮಾಡಿ ‘ಇಪ್ಪತ್ತೈದು ಕನ್ಯೆಯರ ಸಮಾಧಿ’ ಎಂದು ಕರೆದರು. ಅಷ್ಟೂ ಮಂದಿ ಹೋದದ್ದು ದುಡಿಯಲು ಹೊರಟಾಗ. ಕಲ್ಲಿನ ಮೇಲೆ ಉಳಿದದ್ದು ಮಾತ್ರ ಅವರ ಕನ್ಯತ್ವ! ಅಲ್ಲಿನ ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರಲ್ಲಿ ಅದು ‘ಮಹಿಳಾ ಕಾರ್ಮಿಕರ ಸ್ಮಾರಕ ಉದ್ಯಾನ’ವಾಯಿತು.

ಅದೇ ತೈವಾನಿನ ತಾವೊಯುಆನ್‌ನಲ್ಲಿ ಅಮೆರಿಕದ ಆರ್.ಸಿ.ಎ. ಕಂಪನಿ 1970ರಿಂದ ಟಿ.ವಿ.ಯ ಭಾಗಗಳನ್ನು ಮಾಡಿಸುತ್ತಿತ್ತು. ಲೋಹ ತೊಳೆಯುವ ರಾಸಾಯನಿಕಗಳು ನೆಲಕ್ಕಿಳಿದು ಅಂತರ್ಜಲ ಸೇರಿದವು, ದುಡಿಯುವ ಹೆಂಗಸರು ಆ ನೀರನ್ನೇ ಕುಡಿದರು. 1992ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಒಬ್ಬೊಬ್ಬರಾಗಿ ಕ್ಯಾನ್ಸರಿಗೆ ಸಿಕ್ಕರು. ಪರಿಹಾರ ಕೊಡಬೇಕೆಂದು ತೈಪೆಯ ನ್ಯಾಯಾಲಯ ತೀರ್ಪು ಕೊಟ್ಟದ್ದು 2015ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಮಂದಿಗೆ ತೀರ್ಪು ಕೇಳುವ ಕಿವಿಯೇ ಉಳಿದಿರಲಿಲ್ಲ. ಪೆಟ್ಟಿಗೆಯ ಮೇಲೆ ‘ತೈವಾನ್’ ಎಂದು ಕಂಡೊಡನೆ ‘ಚೀನಾದ್ದಲ್ಲವಲ್ಲ, ಒಳ್ಳೆಯ ಮಾಲು’ ಎಂದು ಸಮಾಧಾನಪಡುವವರು ಈ ಹೆಂಗಸರನ್ನೂ ಒಂದು ಕ್ಷಣ ನೆನೆಯಲಿ.

ಅದೆಲ್ಲ ಪರದೇಶದ ಕತೆ, ನಮ್ಮಲ್ಲೇ ಕಾರ್ಖಾನೆ ತೆರೆದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ನಮ್ಮಲ್ಲಿ ತೆರೆಯಲಿ, ನಾನೂ ಸ್ವಾಗತಿಸುತ್ತೇನೆ. ಪಿ.ಯು.ಸಿ. ಮುಗಿಸಿ ಮನೆಯಲ್ಲಿ ಕೂತ ಹುಡುಗಿಗೆ ತನ್ನದೇ ಹೆಸರಿನ ಪಾಸ್‌ಬುಕ್ಕು ಸಿಗುವುದು ಸಣ್ಣ ಸಂಗತಿಯಲ್ಲ. ಆದರೆ ‘ನಮ್ಮಲ್ಲಿ’ ಎಂದ ಮಾತ್ರಕ್ಕೆ ಹೂವಿನ ಹಾಸಿಗೆಯಾಗುವುದಿಲ್ಲ. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರುಗಳನ್ನು ಬಿಚ್ಚಿದರೆ ಫಾಕ್ಸ್‌ಕಾನ್ ಎಂದು ಅಚ್ಚಾದ ಫ್ಯಾನುಗಳು ಸಿಗುತ್ತವೆ. ಅದೇ ಕಂಪನಿ ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ ಫೋನು ಜೋಡಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಹುಡುಗಿಯರ ಹಾಸ್ಟೆಲಿನ ಊಟ ವಿಷವಾಗಿ 150ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಉಳಿದವರು ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲಿ ಕೂತ ಮೇಲೆಯೇ ಲೋಕಕ್ಕೆ ಸುದ್ದಿಯಾದದ್ದು. ಮದುವೆಯಾದ ಹೆಂಗಸರನ್ನು ಅಲ್ಲಿ ಜೋಡಣೆಯ ಕೆಲಸದಿಂದ ದೂರವಿಡಲಾಗುತ್ತಿತ್ತೆಂದು 2024ರ ಜೂನ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. ಕಂಪನಿ ತಾರತಮ್ಯವಿಲ್ಲ ಎಂದಿತು, ಕೇಂದ್ರ ಸರ್ಕಾರ ತಮಿಳುನಾಡಿನಿಂದ ವಿವರಣೆ ಕೇಳಿತು. ಆ ವರದಿ ಓದುವಾಗ ನನಗೆ ಕಾವೊಶುಂಗ್‌ನ 25 ಮಂದಿ ಕಣ್ಣ ಮುಂದೆ ಬಂದರು. ಐವತ್ತು ವರ್ಷ ಕಳೆದರೂ ಹಗುರ ಬೆರಳಿನ, ತಾಳಿಯಿಲ್ಲದ ಕೊರಳಿನ ಹುಡುಗಿಯನ್ನು ಹುಡುಕುವುದು ನಿಂತಿಲ್ಲವೇ?

ನಮ್ಮ ರಾಜ್ಯದ್ದೇ ನೋಡಿ. ಕೋಲಾರದ ನರಸಾಪುರದ ಫೋನು ಕಾರ್ಖಾನೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಗಲಭೆಯೆದ್ದದ್ದು ಸಂಬಳದ ತಕರಾರಿನಿಂದ. 2023ರಲ್ಲಿ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ದುಡಿಮೆಯನ್ನು 12 ಗಂಟೆಗೆ ಹಿಗ್ಗಿಸಲು, ಹೆಂಗಸರನ್ನು ರಾತ್ರಿ ಪಾಳಿಗೆ ಕರೆಯಲು ದಾರಿ ಮಾಡಿತು. ದೇವನಹಳ್ಳಿಯ ಬಳಿಯ ದೊಡ್ಡ ಫೋನು ಕಾರ್ಖಾನೆ 2025ರಲ್ಲಿ ಕೆಲಸ ಶುರುಮಾಡಿತು. ಗಡಿಯಾಚೆಯ ಕೃಷ್ಣಗಿರಿಯಲ್ಲಿ ಡೆಲ್ಟಾ ಕಂಪನಿಯ ಕಾರ್ಖಾನೆಯಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಫೋನು ಬಂದಲ್ಲಿಗೆ ನಾಳೆ ಫ್ಯಾನೂ ಬರುತ್ತದೆ. ಆಗ ಬೆಸುಗೆಯ ಕಡ್ಡಿ ಹಿಡಿದು ಕೂರುವವಳು ನಿಮ್ಮ ಮಗಳೋ ನನ್ನ ತಂಗಿಯ ಮಗಳೋ ಆಗಿರುತ್ತಾಳೆ.

ಆದ್ದರಿಂದಲೇ ನಾನು ಕೇಳುವುದು ವಿಳಾಸ. ನಮ್ಮೂರ ಸ್ವಸಹಾಯ ಸಂಘದ ಹೆಂಗಸರು ಮಾವಿನ ಮಿಡಿ ಉಪ್ಪಿನಕಾಯಿ ಮಾಡಿ ಸೀಸೆಗೆ ತುಂಬಿದರೆ, ಆ ಸೀಸೆಯ ಮೇಲೆ ಮಾಡಿದವರ ಹೆಸರು, ಬೀದಿ, ಊರು, ತಾರೀಕು, ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆ ಎಲ್ಲವೂ ಇರಬೇಕು. ಇರಲಿ, ತಪ್ಪೇನಿಲ್ಲ. ಹೊರದೇಶದಿಂದ ಪೊಟ್ಟಣವಾಗಿ ಬರುವ ಫ್ಯಾನಿಗೋ? ತರಿಸಿದವನ ವಿಳಾಸ, ಜೊತೆಗೊಂದು ದೇಶದ ಹೆಸರು. ಇಷ್ಟಿದ್ದರೆ ನಿಯಮ ಮುಗಿಯಿತು. ಎರಡು ಸೇರು ಉಪ್ಪಿನಕಾಯಿ ಮಾಡುವ ಹೆಂಗಸು ತನ್ನ ಮನೆ ಬಾಗಿಲಿನ ಗುರುತು ಕೊಡಬೇಕು, ಕೋಟಿಗಟ್ಟಲೆ ವ್ಯವಹಾರದ ಕಂಪನಿ ಒಂದು ಇಡೀ ದೇಶದ ಹಿಂದೆ ಅಡಗಿ ಕೂರಬಹುದು. ಇದು ಯಾವ ಸೀಮೆಯ ನ್ಯಾಯ?

‘ಅರಸೀಕೆರೆಯ ಅಂಗಡಿಯವಳಿಗೆ ಕುನ್‌ಶಾನಿನ ವಿಳಾಸ ಕೊಟ್ಟರೆ ಅವಳೇನು ಹೋಗಿ ನೋಡಿಬರುತ್ತಾಳೆಯೇ’ ಎಂದು ನಗುವವರು ನಗಲಿ. ನಾನು ಹೋಗಬೇಕಾಗಿಲ್ಲ. ವಿಳಾಸವಿದ್ದರೆ ಹೋಗುವವರು ಹೋಗುತ್ತಾರೆ. ಪತ್ರಕರ್ತರು ಹೋಗುತ್ತಾರೆ, ಕಾರ್ಮಿಕ ಸಂಘದವರು ಹೋಗುತ್ತಾರೆ, ಕೊನೆಗೆ ನ್ಯಾಯಾಲಯದ ನೋಟೀಸಾದರೂ ಹೋಗುತ್ತದೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ಬಟ್ಟೆ ಹೊಲಿಯುವ ಹೆಂಗಸರು. ಯಾವ ಯಾವ ದೊಡ್ಡ ಹೆಸರಿನವರು ಅಲ್ಲಿ ಹೊಲಿಸುತ್ತಿದ್ದರೆಂದು ತಿಳಿಯಲು ಕಲ್ಲುಮಣ್ಣಿನಡಿಯಿಂದ ಅಂಗಿಯ ಚೀಟಿಗಳನ್ನು ಆರಿಸಬೇಕಾಯಿತು. ಆ ಅವಮಾನವಾದ ಮೇಲೆ ಎಷ್ಟೋ ಬಟ್ಟೆ ಕಂಪನಿಗಳು ತಮ್ಮ ಕಾರ್ಖಾನೆಗಳ ಪಟ್ಟಿಯನ್ನು ತಾವೇ ಪ್ರಕಟಿಸತೊಡಗಿದವು. ಆಪಲ್ ಕಂಪನಿ 2012ರಲ್ಲೇ ತನಗೆ ಮಾಲು ಒದಗಿಸುವವರ ಪಟ್ಟಿ ಹೊರಗಿಟ್ಟಿತ್ತು. ಅಂಗಿಯವರಿಗೆ, ಫೋನಿನವರಿಗೆ ಆದದ್ದು ಫ್ಯಾನಿನವರಿಗೆ ಆಗದೆ? ಮನಸ್ಸು ಮಾಡಬೇಕು, ನಾವು ಕೇಳಬೇಕು. ಹೆಣ ಆರಿಸುವ ಮೊದಲೇ ಹೆಸರು ಕೇಳುವುದು ಲೇಸಲ್ಲವೇ?

ವಿಳಾಸ ಬಂದರೆ ಬೆಲೆ ಏರುತ್ತದೆ ಎಂಬ ಹೆದರಿಕೆಯನ್ನೂ ತೋರಿಸುತ್ತಾರೆ. ಒಂದು ಸಾಲು ಅಕ್ಷರ ಅಚ್ಚು ಹಾಕಲು ಎಷ್ಟು ಖರ್ಚೆಂದು ದಿನಾ ಅಚ್ಚು ಹಾಕುವ ನನಗೆ ಹೇಳಿಕೊಡಬೇಕಾಗಿಲ್ಲ. ವಿಳಾಸ ಬಂದ ಮೇಲೆ ಆ ವಿಳಾಸದಲ್ಲಿ ಕುಡಿಯುವ ನೀರು, ಸರಿಯಾದ ಸಂಬಳ ಕೊಡಬೇಕಾಗಿ ಬಂದು ನಾಲ್ಕು ರೂಪಾಯಿ ಏರಿದರೆ ಏರಲಿ. ಅದು ಫ್ಯಾನಿನ ನಿಜವಾದ ಬೆಲೆ. ಇಷ್ಟು ದಿನ ಅದನ್ನು ಯಾರೋ ಹುಡುಗಿ ತನ್ನ ಶ್ವಾಸಕೋಶದಿಂದಲೋ ನಿದ್ದೆಯಿಂದಲೋ ಕಟ್ಟುತ್ತಿದ್ದಳು, ಅಷ್ಟೇ.

ಇನ್ನು ನಮ್ಮ ಪಾಲಿನ ಕೆಲಸ. ಅಂಗಡಿಯಲ್ಲಿ ‘ಯಾವ ದೇಶದ್ದು’ ಎಂದು ಕೇಳಿ ಸುಮ್ಮನಾಗಬೇಡಿ, ‘ಯಾವ ಊರಿನ ಯಾವ ಕಾರ್ಖಾನೆಯದು’ ಎಂದು ಕೇಳಿ. ಅಂಗಡಿಯವನಿಗೆ ಗೊತ್ತಿರುವುದಿಲ್ಲ. ಹತ್ತು ಮಂದಿ ಕೇಳಿದರೆ ಅವನು ಮೇಲಿನವನನ್ನು ಕೇಳುತ್ತಾನೆ. ಹೆಣ್ಣುಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಊರಿಗೆ ವ್ಯಾನು ಬಂದಾಗ ಬೀಳ್ಕೊಡುವ ಸಂಭ್ರಮದಲ್ಲಿ ಬಾಯಿ ಕಟ್ಟಿಕೊಳ್ಳಬೇಡಿ. ಕೆಲಸ ಕಂಪನಿಯದೋ ಗುತ್ತಿಗೆದಾರನದೋ? ಸಂಬಳದ ಚೀಟಿ, ಪಿ.ಎಫ್. ಸಂಖ್ಯೆ ಯಾವಾಗ ಕೈಗೆ ಬರುತ್ತದೆ? ಹಾಸ್ಟೆಲಿನ ಒಂದು ಕೋಣೆಗೆ ಎಷ್ಟು ಮಂದಿ, ಅಡುಗೆಮನೆಯನ್ನು ತಾಯಂದಿರು ಬಂದು ನೋಡಬಹುದೇ? ರಾತ್ರಿ ಪಾಳಿ ಮುಗಿದ ಮೇಲೆ ಬಾಗಿಲವರೆಗೆ ಬಿಡುವವರು ಯಾರು? ಮದುವೆಯಾದ ಮೇಲೂ ಕೆಲಸ ಉಳಿಯುತ್ತದೆಯೇ? ಗಂಡು ನೋಡಲು ಬಂದವರ ಮನೆಯ ಬಾವಿಯ ನೀರು ಸಿಹಿಯೋ ಸಪ್ಪೆಯೋ ಎಂದು ವಿಚಾರಿಸುವ ನಾವು, ಮಗಳು ದಿನಕ್ಕೆ 12 ಗಂಟೆ ಕೂರಬಹುದಾದ ಕಟ್ಟಡದ ಬಗ್ಗೆ ಬಾಯಿ ಬಿಡದಿದ್ದರೆ ಹೇಗೆ?

ಉಪ್ಪಿನಕಾಯಿಯ ಸೀಸೆಗೆ ಒಂದು ಕಾನೂನು, ಫ್ಯಾನಿನ ಪೆಟ್ಟಿಗೆಗೆ ಇನ್ನೊಂದು ಆಗುವುದು ಬೇಡ. ಬಾವುಟ ಯಾವುದಾದರೂ ಇರಲಿ, ಅದರ ಕೆಳಗೊಂದು ಬಾಗಿಲಿನ ಸಂಖ್ಯೆ ಇರಲಿ. ಬಾಗಿಲಿದ್ದರೆ ತಟ್ಟಬಹುದು.